ಹನ್ನೆರಡು ಮಂದಿಯ ಚೌಕಿ

ಹೊರಪೇಟೆಯ ನಕ್ಷೆಯನ್ನು ನಾನು ಮೂರು ಸಲ ಬರೆದೆ. ಮೊದಲ ಸಲ ಸರಪಳಿ ಎಳೆದು ಅಳತೆ ಮುಗಿಸುವಷ್ಟರಲ್ಲಿ ಪೂರ್ವದ ಅಂಚಿನಲ್ಲಿ ಹೊಸ ಗುಡಿಸಲುಗಳ ಒಂದು ಸಾಲೇ ಎದ್ದಿತ್ತು. ಎರಡನೆಯ ಸಲ, ಬಂಡಿ ಹೋಗುವ ಓಣಿ ಎಂದು ನಾನು ಗುರುತು ಮಾಡಿದ್ದ ಜಾಗಕ್ಕೆ ಮರುವಾರ ಹೋಗಿ ನೋಡಿದರೆ ಮೂರು ಒಲೆ ಉರಿಯುತ್ತಿದ್ದವು. ಮೂರನೆಯದನ್ನು ಮಸಿಯಲ್ಲಿ ಬರೆಯುವ ಧೈರ್ಯವಾಗದೆ ಸೀಸದ ಕಡ್ಡಿಯಲ್ಲೇ ಬರೆದು ಕಲೆಕ್ಟರ್ ದೊರೆಗಳ ಮೇಜಿನ ಮೇಲಿಟ್ಟೆ.

ಬಳ್ಳಾರಿಗೆ ರೈಲು ಬಂದ ಮೇಲೆ ಹಳಿಯ ಆಚೆ ಹತ್ತಿಯನ್ನು ಒತ್ತಿ ಮೂಟೆ ಕಟ್ಟುವ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಸಿರುಗುಪ್ಪ, ಕುರುಗೋಡು, ಸಿರಿಗೇರಿ ಕಡೆಯಿಂದ ಕೆಲಸ ಹುಡುಕಿ ಬಂದವರು ಅಲ್ಲೇ ಹುಲ್ಲಿನ ಗುಡಿಸಲು ಹಾಕಿಕೊಂಡರು. ಊರಿನವರು ಅದಕ್ಕೆ ಹೊರಪೇಟೆ ಎಂದರು. ಸಂತೆ ಕೂಡಿತು, ಸಾರಾಯಿ ಅಂಗಡಿ ಬಂತು, ಅದರ ಹಿಂದೆ ಹೊಡೆದಾಟ, ಕಳವು. ಹಿಂದಿನ ಬೇಸಿಗೆಯಲ್ಲಿ ಎರಡು ಸಲ ಬೆಂಕಿಯೂ ಬಿದ್ದಿತ್ತು. ನಾನು ಆಗ ರಸ್ತೆ ಮತ್ತು ಕಟ್ಟಡಗಳ ಓವರ್ಸಿಯರ್ ಆಗಿದ್ದೆ. ಹೊರಪೇಟೆಗೆ ಪೊಲೀಸು ಕಾವಲು ಎಷ್ಟು ಬೇಕು, ಬೆಂಕಿ ಆರಿಸುವ ಏರ್ಪಾಡು ಹೇಗಿರಬೇಕು ಎಂಬ ಯೋಜನೆ ಮಾಡಿಕೊಡು ಎಂದು ದೊರೆಗಳು ನನಗೆ ಹೇಳಿದರು. ಜೊತೆಗೆ ಪೊಲೀಸಿನ ಒಬ್ಬ ಜಮಾದಾರರನ್ನು ಕೊಟ್ಟರು.

ಜಮಾದಾರರು ಸಿರುಗುಪ್ಪದ ಸಾಬರು. ಮನೆಮಾತು ಕನ್ನಡವೇ. ಪಿಂಚಣಿಗೆ ಎರಡು ವರ್ಷ ಬಾಕಿ ಇತ್ತು. ಅವರು ನಡೆದಷ್ಟು ದೂರ ನಾನು ನಡೆಯಲಾರದೆ ಮೊದಲ ವಾರವೇ ಕಾಲಿಗೆ ಬೊಬ್ಬೆ ಬಂದಿತ್ತು. ಹೊರಪೇಟೆಯನ್ನು ಒಂದು ಸುತ್ತು ಹಾಕಲು ಒಬ್ಬ ಕಾನ್‌ಸ್ಟೇಬಲ್‌ಗೆ ಎಷ್ಟು ಹೊತ್ತು ಬೇಕು ಎಂದು ನನ್ನ ಗಡಿಯಾರ ಹಿಡಿದು ಇಬ್ಬರೂ ಎಂಟು ದಿನ ತಿರುಗಿದೆವು. ಕೊನೆಗೆ ಗಸ್ತಿಗೆ ಹನ್ನೆರಡು ಮಂದಿ ಬೇಕು ಎಂಬ ಲೆಕ್ಕಕ್ಕೆ ಬಂದೆವು.

ಬೆಂಕಿಯ ಲೆಕ್ಕ ಅಷ್ಟು ಸುಲಭವಿರಲಿಲ್ಲ. ಮದರಾಸಿನಿಂದ ಒಂದು ಕೈಪಂಪಿನ ಬಂಡಿ ತರಿಸಿಕೊಡುವುದಾಗಿ ದೊರೆಗಳು ಹೇಳಿದ್ದರು. ಅದರ ಎರಡೂ ಪಕ್ಕದಲ್ಲಿ ಉದ್ದನೆಯ ಹಿಡಿಗೋಲು. ಒಂದು ಪಕ್ಕದ ಐವರು ಒತ್ತಿದಾಗ ಇನ್ನೊಂದು ಪಕ್ಕದ ಐವರ ಕೈ ಮೇಲೇಳಬೇಕು. ಹಾಗೆ ತಾಳ ತಪ್ಪದೆ ಒತ್ತಿದರೆ ತೊಗಲಿನ ಕೊಳವೆಯಲ್ಲಿ ನೀರು ಅರವತ್ತು ಅಡಿ ಹಾರುತ್ತದೆ. ಆದರೆ ಇಪ್ಪತ್ತೈದು ಅಡಿಗಿಂತ ಆಳದ ನೀರನ್ನು ಅದು ಎಳೆಯಲಾರದು. ಹೊರಪೇಟೆಯಲ್ಲಿದ್ದುದು ಎರಡೇ ಬಾವಿ. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ನೋಡಿದೆ. ಕಾರ್ತಿಕದಲ್ಲೇ ನೀರು ನಲವತ್ತು ಅಡಿಯ ಕೆಳಗಿತ್ತು. ಬಾವಿಯ ಪಕ್ಕಕ್ಕೆ ಒಂದು ತೊಟ್ಟಿ ಕಟ್ಟಿ, ಎತ್ತಿನ ಕಪಿಲೆಯಿಂದ ನೀರೆತ್ತಿ ಅದನ್ನು ಸದಾ ತುಂಬಿಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ತೊಟ್ಟಿಗೆ ಕಲ್ಲಿನ ಚಪ್ಪಡಿ ಕುರುಗೋಡಿನಿಂದ ಬರಬೇಕು. ಗುಡ್ಡದ ಬುಡದಲ್ಲಿ ನಾನೇ ನಿಂತು ಸೀಳಿಸಿ ಆರು ಬಂಡಿಗೆ ಹೇರಿಸಿದೆ. ಅದೇ ದಿನ ಅಕಾಲ ಮಳೆ ಹುಯ್ದು ಎರೆ ಮಣ್ಣಿನ ದಾರಿಯಲ್ಲಿ ಬಂಡಿಗಳು ಗಾಲಿಯ ಗುಂಬದವರೆಗೆ ಹೂತುಹೋದವು. ಎರಡು ಅಚ್ಚು ಮುರಿದವು. ಹದಿನೈದು ದಿನ ಹೋಯಿತು. ತೊಟ್ಟಿ ಕಟ್ಟಿದ ಮೇಲೆ ಮೂಲೆಯಲ್ಲಿ ಸೋರಿತು. ಗಾರೆ ಕಿತ್ತು ಮತ್ತೆ ಅರೆಸಿ ಮತ್ತೆ ಮೆತ್ತಿಸಿದೆ. ನೀರು ನಿಂತಾಗ ಮಾಘ ಮಾಸ ಬಂದಿತ್ತು.

ಅಷ್ಟರಲ್ಲಿ ದೊರೆಗಳ ಅಪ್ಪಣೆ ಬಂತು. ಹೊರಪೇಟೆಗೆ ಒಟ್ಟು ಹನ್ನೆರಡು ಮಂದಿ ಮಾತ್ರ. ಗಸ್ತಿಯೂ ಅವರದೇ, ಪಂಪೂ ಅವರದೇ. ಪಂಪಿಗೆ ಹಿಡಿಗೋಲಿನಲ್ಲಿ ಹತ್ತು, ಕೊಳವೆಯ ಬಾಯಿಗೆ ಒಬ್ಬ, ತೊಟ್ಟಿಯ ಬಳಿ ಒಬ್ಬ, ಅಂದರೆ ಅಷ್ಟೂ ಜನ ಒಂದೇ ಕಡೆ ಬೇಕು. ಗಸ್ತಿಗೆ ಅಷ್ಟೂ ಜನ ಹನ್ನೆರಡು ಕಡೆ ಇರಬೇಕು.

ಕಾಗದವನ್ನು ಜಮಾದಾರರಿಗೆ ಓದಿ ಹೇಳಿದೆ. "ರಾಯರ, ಕಳ್ಳರು ಹೊತ್ತು ನೋಡಿ ಬರ್ತಾರ. ಬೆಂಕಿನೂ ಹೊತ್ತು ನೋಡೇ ಬರತೈತಿ. ಹಿಂದಿನ ಎರಡು ಬೆಂಕಿ ಯಾವಾಗ ಬಿದ್ದಾವ ಕೇಳ್ರಿ."

ಕೇಳಿದೆ. ಎರಡೂ ಮಧ್ಯಾಹ್ನದ ಹೊತ್ತು, ಪಡುವಣ ಗಾಳಿ ಬೀಸುವಾಗ. ಅದರ ಮೇಲೆ ಯೋಜನೆ ನಿಂತಿತು. ಬೇಸಿಗೆ ಮುಗಿಯುವವರೆಗೆ ಹನ್ನೊಂದು ಗಂಟೆಯಿಂದ ಹೊತ್ತು ಮುಳುಗುವವರೆಗೆ ಹನ್ನೆರಡು ಮಂದಿಯೂ ತೊಟ್ಟಿಯ ಪಕ್ಕದ ಚೌಕಿಯಲ್ಲಿ. ಉಳಿದ ಹೊತ್ತು ಗಸ್ತಿ. ಯೋಜನೆ ಮಾಡಿದವನ ರುಜು ಇಲ್ಲದೆ ಹಗಲಿನಲ್ಲಿ ಯಾರನ್ನೂ ಅಲ್ಲಿಂದ ಕದಲಿಸಬಾರದು ಎಂದು ನಾನೇ ಕಲಮು ಸೇರಿಸಿದೆ. ದೊರೆಗಳು ಒಪ್ಪಿದರು. ಆ ಕಲಮಿನ ಬಗ್ಗೆ ನನಗೆ ಹೆಮ್ಮೆ ಇತ್ತು.

ಪಂಪು ಬಂತು. ದಿನಾ ಮಧ್ಯಾಹ್ನ ಜಮಾದಾರರು ಕವಾಯತು ಮಾಡಿಸಿದರು. ತೊಗಲಿನ ಕೊಳವೆ ಬಿಸಿಲಿಗೆ ಬಿರಿಯದಂತೆ ವಾರಕ್ಕೊಮ್ಮೆ ಔಡಲೆಣ್ಣೆ ಸವರಿಸಿದರು. ಕವಾಯತು ನೋಡಲು ಮಂದಿ ಸೇರುತ್ತಿತ್ತು. ಗಂಡಸರೆಲ್ಲ ಕಾರ್ಖಾನೆಗೆ ಹೋಗಿರುತ್ತಿದ್ದರಿಂದ ನೋಡುವವರೆಲ್ಲ ಹೆಂಗಸರೇ. ಗುಡಿಸಲುಗಳ ಅಂಗಳದಲ್ಲಿ ಕುಳಿತು ಹತ್ತಿಯಲ್ಲಿನ ಎಲೆ, ಕಸ ಆರಿಸಿ ಕೊಡುವುದು ಅವರ ಕೆಲಸ. ಅವರಿಗೊಬ್ಬಳು ಮೇಸ್ತ್ರಿ ಇದ್ದಳು. ಸಿರಿಗೇರಿಯವಳು, ನಲವತ್ತರ ಹೆಣ್ಣು, ಎತ್ತರದ ಆಳು. ಚೌಕಿ ಕಟ್ಟಲು ಬಂದಾಗ ನಮ್ಮ ಎದುರಿಗೆ ನಿಂತು, "ನಮ್ಮ ಗಂಡಸರ ಬೆನ್ನಿಗೆ ಬಡಿಗಿ ತರಾಕ ಬಂದೀರೇನು" ಎಂದು ಕೇಳಿದವಳು ಅವಳೇ.

ಚೈತ್ರದ ಕೊನೆಯಲ್ಲಿ ಒಂದು ದಿನ ಕವಾಯತು ಮುಗಿದ ಮೇಲೆ ಅವಳು ಜಮಾದಾರರ ಬಳಿ ಬಂದು ನಿಂತಳು. ನಾನೂ ಅಲ್ಲಿದ್ದೆ.

"ಜಮಾದಾರಪ್ಪ, ಇದನ್ನ ಒತ್ತಾಕ ನಮಗೂ ಕಲಿಸ್ರಿ."

ಜಮಾದಾರರು ನನ್ನ ಮುಖ ನೋಡಿದರು.

"ನಿಮಗ್ಯಾಕಮ್ಮ ಅದು?" ಎಂದೆ.

"ಮಧ್ಯಾನ್ನದಾಗ ಇಲ್ಲಿ ಇರೋರು ನಾವಾ ಅಲ್ರೇನ್ರಿ ಸ್ವಾಮೇರ? ನಿಮ್ಮ ಮಂದಿಗೆ ಜ್ವರ ಬರತೈತಿ, ಊರಿಗೆ ಹೋಗ್ತಾರ. ಒಂದು ಕೈ ಕಡಿಮಿ ಬಿದ್ರ ನಾವು ಹಿಡಿತೀವಿ. ನಮ್ಮ ಮನ್ಯಾಗ ಹತ್ತಿ ಗುಡ್ಡಿ ಬಿದ್ದೈತಿ. ನಮ್ಮ ತಂಗಿ ಹಡದು ಎಂಟು ದಿನ ಆಗೈತಿ, ಎದ್ದು ಓಡಾಕ ಬರಂಗಿಲ್ಲ."

"ನೋಡೋಣ" ಎಂದೆ.

ನೋಡೋಣ ಎಂದವನು ನೋಡಲಿಲ್ಲ. ಹೆಂಗಸರ ಕೈಗೆ ಸರಕಾರದ ಪಂಪು ಕೊಡಿ ಎಂದು ಹೇಗೆ ಬರೆಯುವುದು, ದೊರೆಗಳು ನಗುವುದಿಲ್ಲವೇ, ನಮ್ಮ ಕಚೇರಿಯ ಗುಮಾಸ್ತರು ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲವೇ ಎಂದು ಯೋಚಿಸಿದೆ. ವಾರದ ವರದಿಯಲ್ಲಿ ಎಣ್ಣೆಯ ವಿಷಯ ಬರೆದೆ, ಕಪಿಲೆಯ ಎತ್ತಿನ ಕಾಲುಬೇನೆಯ ವಿಷಯ ಬರೆದೆ, ಅವಳ ಮಾತನ್ನು ಬರೆಯಲಿಲ್ಲ.

ವೈಶಾಖದ ಮೊದಲಲ್ಲಿ ಸಿರುಗುಪ್ಪದ ದಾರಿಯಲ್ಲಿ ಹತ್ತಿಯ ಬಂಡಿಗಳನ್ನು ತಡೆದು ದೋಚುವುದು ಶುರುವಾಯಿತು. ಮೂರನೆಯ ಸಲ ಒಬ್ಬ ಬಂಡಿಯವನನ್ನು ಕೊಂದು ಹೋದರು. ಮರುದಿನ ಮಧ್ಯಾಹ್ನ ಅವನ ಅಣ್ಣ ನಮ್ಮ ಚೌಕಿಗೆ ಬಂದ. ಅಂಗಿಯ ತೋಳಿನಲ್ಲಿ ತಮ್ಮನ ರಕ್ತ ಒಣಗಿ ಕಪ್ಪಾಗಿತ್ತು. ಅಳಲಿಲ್ಲ, ಕೂಗಾಡಲಿಲ್ಲ.

"ಸಿರುಗುಪ್ಪದಾಗ ನಲವತ್ತು ಬಂಡಿ ನಿಂತಾವ್ರಿ" ಎಂದ. "ನಾವು ಹೊರಡಂಗಿಲ್ಲ. ಹೊರಡದಿದ್ರ ಹೊಟ್ಟಿಗಿಲ್ಲ. ಇಲ್ಲಿ ಹನ್ನೆರಡು ಮಂದಿ ಪೊಲೀಸರು ನೆರಳಾಗ ಕುಂತಿರ್ತಾರ ಅಂತ ಎಲ್ಲಾರೂ ಅಂತಾರ. ಅದನ್ನ ಕೇಳಾಕ ಬಂದೀನಿ, ಖರೆ ಏನು?"

ನಾನು ತಿರುಗಿ ನೋಡಿದೆ. ಪಂಪಿನ ಮೇಲೆ ಹೊದಿಸಿದ್ದ ಗೋಣಿಯ ನೆರಳಿನಲ್ಲಿ ಕಾನ್‌ಸ್ಟೇಬಲ್‌ಗಳು ಕುಳಿತಿದ್ದರು. ಆ ಹೊತ್ತಿಗೆ ಅವರು ಹಾಗೆ ಕುಳಿತಿರುವುದೇ ನನ್ನ ಯೋಜನೆ. ಆದರೆ ಅವನ ಕಣ್ಣಿನಿಂದ ನೋಡಿದಾಗ ನನಗೇ ನಾಚಿಕೆಯಾಯಿತು.

ದೊರೆಗಳು ಬೇಸಿಗೆ ಕಳೆಯಲು ಮಲೆಯ ಕಡೆ ಹೋಗಿದ್ದರು. ಬಂಡಿಗಳಿಗೆ ಕಾವಲು ಬೇಕೆಂದು ಜಮಾದಾರರು ಕೇಳಿದ್ದಕ್ಕೆ ಕೆಳಗಿನ ಅಧಿಕಾರಿಗಳು, ಕೋಟೆಯ ಕಾವಲಿನಿಂದ ಮಂದಿ ಕೊಡಲಾರೆವು, ಹೊರಪೇಟೆಯವರನ್ನು ಕಳಿಸುವುದಾದರೆ ಅದು ಓವರ್ಸಿಯರರ ರುಜುವಿನ ಮೇಲೆ ನಿಂತಿದೆ ಎಂದು ಬರೆದು ಕಳಿಸಿದರು. ಮರುದಿನ ಬೆಳಗ್ಗೆ ಜಮಾದಾರರು ಆ ಕಾಗದ ಹಿಡಿದುಕೊಂಡು ನನ್ನ ಮನೆಯ ಪಡಸಾಲೆಗೆ ಬಂದರು.

"ಎಂಟು ಮಂದಿ ಬೇಕು, ರಾಯರ. ಬಂಡಿಗಳ ಹಿಂದು ಮುಂದು ಇಟ್ಟು ನಾನಾ ಕರಕೊಂಡು ಬರ್ತೀನಿ. ಹೋಗಾಕ ಒಂದು ದಿನ, ಬರಾಕ ಎರಡು ದಿನ."

"ಇಲ್ಲಿ ನಾಲ್ವರು ಉಳಿದ್ರೆ ಪಂಪು ನಡೀತದೇನು?"

"ನಡಿಯಂಗಿಲ್ಲ. ಅದಕ್ಕಾ ಹೇಳ್ತೀನಿ, ಆ ಮೇಸ್ತ್ರಿಗೆ ಹೂಂ ಅನ್ರಿ. ಹೊರಡೋದು ನಾಳಿ. ಇವತ್ತು ಮಧ್ಯಾನ್ನ ಎಂಟು ಹೆಂಗಸರನ್ನ ನಿಲ್ಲಿಸಿ ಕವಾಯತು ಮಾಡಿಸ್ತೀನಿ. ಒಂದು ತಾಸಿನಾಗ ತಾಳ ಹತ್ತತೈತಿ. ದಿನಾ ನೋಡ್ಯಾರ ಅವರು."

"ಜಮಾದಾರ್ರೇ, ಅದನ್ನ ಯಾವ ಕಲಮಿನಾಗ ಬರೀಲಿ ನಾನು?"

"ಬರಿಬ್ಯಾಡ್ರಿ. ಬಾಯಿಲೆ ಹೇಳ್ರಿ ಸಾಕು."

"ನಾಳೆ ಯಾರಿಗಾದರೂ ಕೈ ಮುರಿದರೆ? ಕಾನ್‌ಸ್ಟೇಬಲ್‌ಗಳ ಪಕ್ಕದಾಗ ಹೆಂಗಸರು ನಿಂತು ಏನಾದರೂ ಮಾತು ಬಂದರೆ? ಮೂರು ದಿನದ ಮಾತು ಅದ. ಮೂರು ದಿನ ದೇವರು ಕಾಯ್ತಾನೆ."

ಅವರು ಕಾಗದವನ್ನು ನನ್ನ ಮುಂದಿಟ್ಟರು. ನಾನು ರುಜು ಹಾಕಿದೆ. ಹಾಕುವಾಗ ಎರಡನೆಯ ಸಲ ಯೋಚಿಸಲಿಲ್ಲ. ಕೊಲೆಯಾದವನ ಅಣ್ಣನಿಗೆ ಉತ್ತರ ಕೊಟ್ಟಂತಾಯಿತು ಎಂಬ ಸಮಾಧಾನವೂ ಆಯಿತು. ಇದನ್ನು ಬರೆದಿಡಬೇಕು, ಏಕೆಂದರೆ ಆಮೇಲೆ ನಾನು ಬಹಳ ಹಿಂಜರಿದು ರುಜು ಹಾಕಿದೆನೆಂದು ಹಲವರ ಮುಂದೆ ಹೇಳಿಕೊಂಡಿದ್ದೇನೆ.

ಮೂರನೆಯ ದಿನ ಮಧ್ಯಾಹ್ನ ನಾನು ಕಚೇರಿಯಲ್ಲಿದ್ದೆ. ಗುಮಾಸ್ತರೊಬ್ಬರು ಕಿಟಕಿಯ ಬಳಿ ನಿಂತು, "ಹಳಿ ಆಚೆ ಹೊಗೆ ಅದ" ಎಂದರು. ಕಾರ್ಖಾನೆಯ ಚಿಮಣಿಯ ಹೊಗೆಯಲ್ಲ ಎಂಬುದು ನೋಡಿದೊಡನೆ ತಿಳಿಯಿತು. ಅದು ಅಗಲವಾಗಿತ್ತು, ನೆಲಕ್ಕೆ ಅಂಟಿಕೊಂಡು ಪೂರ್ವಕ್ಕೆ ಹರಿಯುತ್ತಿತ್ತು. ಜಟಕಾ ಹಿಡಿದು ಹೋದೆ. ಹಳಿಯ ಬಳಿ ಗೂಡ್ಸು ಗಾಡಿ ಅಡ್ಡ ನಿಂತಿತ್ತು. ಇಳಿದು ಡಬ್ಬಿಗಳ ನಡುವೆ ನುಸುಳಿ ಓಡಿದೆ.

ಪಶ್ಚಿಮದ ಮೊದಲ ಸಾಲು ಆಗಲೇ ಬಿದ್ದಿತ್ತು. ಎರಡನೆಯ ಸಾಲು ಉರಿಯುತ್ತಿತ್ತು. ಅಂಗಳದಲ್ಲಿ ಗುಡ್ಡೆ ಹಾಕಿದ್ದ ಹತ್ತಿ ಗಾಳಿಗೆ ಕಿಡಿಯಾಗಿ ಎದ್ದು ಮುಂದಿನ ಚಾವಣಿಗಳ ಮೇಲೆ ಇಳಿಯುತ್ತಿತ್ತು. ನಾಲ್ವರು ಕಾನ್‌ಸ್ಟೇಬಲ್‌ಗಳು ಪಂಪು ಬಂಡಿಯನ್ನು ತೊಟ್ಟಿಯ ಬಳಿ ನಿಲ್ಲಿಸಿ ಎರಡೂ ಪಕ್ಕಕ್ಕೆ ಇಬ್ಬಿಬ್ಬರಾಗಿ ಹಿಡಿಗೋಲಿಗೆ ಜೋತುಬಿದ್ದಿದ್ದರು. ಕೊಳವೆಯ ಬಾಯಿಯಿಂದ ನೀರು ಎರಡು ಮಾರು ದೂರಕ್ಕೂ ಹೋಗದೆ ನೆಲಕ್ಕೆ ಸುರಿಯುತ್ತಿತ್ತು. ತೊಟ್ಟಿ ತುಂಬಿತ್ತು. ಕೊಳವೆ ಒಂದು ಕಡೆಯೂ ಸೋರಲಿಲ್ಲ. ನಾನು ಮಾಡಿಸಿದ ಕೆಲಸವೆಲ್ಲ ಸರಿಯಾಗಿತ್ತು.

ಹೆಂಗಸರು ಓಡಿಬಂದು ಹಿಡಿಗೋಲಿಗೆ ಕೈ ಹಾಕಿದರು. ಇಪ್ಪತ್ತು ಕೈಗಳು ಒಟ್ಟಿಗೆ ಬಿದ್ದವು. ಎರಡೂ ಪಕ್ಕದವರು ಒಮ್ಮೆಲೇ ಕೆಳಕ್ಕೆ ಒತ್ತಿದರು. ಪಂಪು ಮಿಸುಕಲಿಲ್ಲ. ಒಬ್ಬಳು ಬೆರಳು ಸಿಕ್ಕಿ ಕೂಗಿಕೊಂಡಳು. ನಾನು ಏನೋ ಅರಚಿದೆ, ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಪ್ರಯೋಜನವಿರಲಿಲ್ಲ, ನಾನು ಒಂದು ದಿನವೂ ಹಿಡಿಗೋಲು ಹಿಡಿದವನಲ್ಲ.

ಆಗ ಮೇಸ್ತ್ರಿ ಹೆಂಗಸು ಬಂಡಿಯ ಮೂತಿಯ ಕಡೆ ನಿಂತಳು. ಬೀಸುವ ಕಲ್ಲಿನ ಮುಂದೆ ಹೆಂಗಸರು ಎಳೆಯುವ ರಾಗದಲ್ಲಿ, "ಈ ಕಡಿಯವ್ವ ಇಳಿಲಿ, ಆ ಕಡಿಯವ್ವ ಏಳಲಿ" ಎಂದು ಕೂಗತೊಡಗಿದಳು. ನಾಲ್ಕೈದು ಸಲ ತಪ್ಪಿತು. ಬಹಳ ಹೊತ್ತು ಎನಿಸಿತು. ಆಮೇಲೆ ಹಿಡಿಗೋಲು ಒಂದು ಕಡೆ ಇಳಿದು ಇನ್ನೊಂದು ಕಡೆ ಎದ್ದಿತು. ಒಬ್ಬ ಕಾನ್‌ಸ್ಟೇಬಲ್ ಹಿಡಿದಿದ್ದ ಕೊಳವೆ ಹಾವಿನಂತೆ ಬಿಗಿದುಕೊಂಡಿತು. ನೀರು ಎತ್ತರಕ್ಕೆ ಹಾರಿ ಮೂರನೆಯ ಸಾಲಿನ ಚಾವಣಿಗಳ ಮೇಲೆ ಬಿತ್ತು. ಕಾನ್‌ಸ್ಟೇಬಲ್‌ಗಳ ಕವಾಯತಿನಲ್ಲಿ ಅಷ್ಟು ದೂರ ಹೋದದ್ದನ್ನು ನಾನು ನೋಡಿರಲಿಲ್ಲ. ತೊಟ್ಟಿಯ ನೀರು ತಳ ಮುಟ್ಟುವವರೆಗೆ ಅವರು ನಿಲ್ಲಿಸಲಿಲ್ಲ. ಮೂರನೆಯ ಸಾಲು ಅರ್ಧ ಉಳಿಯಿತು. ಅದರ ಹಿಂದಿನವು ಉಳಿದವು.

ಅವಳ ತಂಗಿಯ ಗುಡಿಸಲು ಎರಡನೆಯ ಸಾಲಿನಲ್ಲಿತ್ತು. ಬಾಣಂತಿಯನ್ನು ಯಾರೋ ಆಗಲೇ ಹೊರಗೆ ತಂದಿದ್ದಾರೆ ಎಂದು ಅವಳಿಗೆ ಹೇಳಿದ್ದರಂತೆ. ತಂದದ್ದು ಬೇರೆ ಯಾರನ್ನೋ. ಪಂಪು ಬಿಟ್ಟು ಅವಳು ಅಲ್ಲಿಗೆ ಹೋಗುವಾಗ ನಾನು ಹಿಂದೆಯೇ ಇದ್ದೆ. ಗೋಡೆ ಇರಲಿಲ್ಲ, ಚಾವಣಿ ಇರಲಿಲ್ಲ. ಮೂಲೆಯಲ್ಲಿ ತಾಯಿ ಮಗುವಿನ ಮೇಲೆ ಬಗ್ಗಿಕೊಂಡಿದ್ದಳು. ಮೇಸ್ತ್ರಿ ಅಲ್ಲೇ ಕುಳಿತು ಬಿಸಿ ಬೂದಿಯನ್ನು ಬರಿಗೈಯಲ್ಲಿ ಸರಿಸತೊಡಗಿದಳು. ಅವಳ ಕೈ ಹಿಡಿದು ನಿಲ್ಲಿಸಬೇಕಿತ್ತು. ನನಗೆ ಆಗಲಿಲ್ಲ. ಇಬ್ಬರು ಹೆಂಗಸರು ಬಂದು ಹಿಡಿದೆತ್ತಿದರು. ಆ ದಿನ ಒಟ್ಟು ಆರು ಜನ ಹೋದರು.

ಸಂಜೆ ಜಮಾದಾರರು ನಲವತ್ತು ಬಂಡಿಗಳನ್ನೂ ಸುರಕ್ಷಿತವಾಗಿ ತಂದರು. ಹಳಿಯ ಬಳಿ ನಿಂತು ಹೊರಪೇಟೆಯ ಕಡೆ ನೋಡಿದರು. ತಲೆಯ ಮೇಲಿನ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ವಿಚಾರಣೆ ಹತ್ತು ದಿನದ ಮೇಲೆ ನಡೆಯಿತು. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಕಾಗದಗಳನ್ನೆಲ್ಲ ಓದಿ ಮುಗಿಸಿ ನನ್ನನ್ನು ಕೇಳಿದರು: ಎಂಟು ಮಂದಿಯನ್ನು ಕಳಿಸಿದಾಗ ಅವರ ಬದಲಿಗೆ ಪಂಪಿಗೆ ನಿಲ್ಲಬಲ್ಲವರು ಆ ಜಾಗದಲ್ಲಿ ಬೇರೆ ಯಾರೂ ಇರಲಿಲ್ಲವೇ?

"ಇರಲಿಲ್ಲ" ಎಂದೆ.

ಜಮಾದಾರರು ನನ್ನ ಎಡಕ್ಕೆ ನಿಂತಿದ್ದರು. ಅವರನ್ನೂ ಅದೇ ಪ್ರಶ್ನೆ ಕೇಳಿದರು. ಅವರು ನೆಲ ನೋಡುತ್ತ, "ರಾಯರು ಹೇಳಿದ್ದು ಸರಿ ಐತ್ರಿ" ಎಂದರು. ಮಂದಿಯನ್ನು ಕರೆದುಕೊಂಡು ಹೋಗಬೇಕೆಂದು ಕೇಳಿದವರು ಅವರಾದ್ದರಿಂದ ಅವರ ದರ್ಜೆ ಇಳಿಸಿ ಬೇರೆ ಊರಿಗೆ ಹಾಕಿದರು. ಇಳಿದ ದರ್ಜೆಯ ಮೇಲೆಯೇ ಅವರ ಪಿಂಚಣಿ ಆಗುವುದೆಂಬುದು ನನಗೆ ಗೊತ್ತಿತ್ತು. ನನ್ನ ಯೋಜನೆಯಲ್ಲಿ ದೋಷವಿಲ್ಲ ಎಂದು ಬರೆದರು.

ಕಚೇರಿಯ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿದೆ. "ಯಾಕೆ ಹಾಗೆ ಅಂದ್ರಿ?"

"ನಿಮಗ ಸಣ್ಣ ಮಕ್ಕಳು ಅದಾವ, ರಾಯರ" ಎಂದರು. "ನನ್ನ ಮಾತು ಬಿಡ್ರಿ. ಆ ಹೆಣ್ಣುಮಗಳಿಗೆ ಒಂದು ಮಾತು ಹೇಳ್ರಿ. ಆಕಿ ಕೇಳಿದ್ದಳು ಅಂತ ಯಾವ ಕಾಗದದಾಗೂ ಇಲ್ಲ."

ಅದಾದ ಎರಡು ತಿಂಗಳಿಗೆ ನಾನು ನಡೆದದ್ದನ್ನೆಲ್ಲ ಬರೆದು, ಜಮಾದಾರರ ತಪ್ಪಿಲ್ಲವೆಂದು ಸೇರಿಸಿ ಮೇಲಕ್ಕೆ ಕಳಿಸಿದೆ. ಪ್ರಕರಣ ಮುಗಿದಿದೆ, ಕಾಗದವನ್ನು ಕಡತಕ್ಕೆ ಸೇರಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಎರಡನೆಯ ಸಲ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಮೇಸ್ತ್ರಿ ಹೊರಪೇಟೆ ಬಿಟ್ಟು ಹೋಗಿದ್ದಳು. ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮರುವರ್ಷದ ಶ್ರಾವಣದಲ್ಲಿ ಸಿರುಗುಪ್ಪದ ಕಾಲುವೆಯ ಮೋರಿ ನೋಡುವ ಕೆಲಸ ನನಗೆ ಬಿತ್ತು. ದೇಶನೂರಿನ ಬಳಿ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದೆ. ಕೆಳಗಿನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನೆಲ್ಲು ನಾಟಿ ಮಾಡುತ್ತಿದ್ದರು. ಅವಳ ಎತ್ತರದಿಂದ ಗುರುತು ಹಿಡಿದೆ. ಏರಿ ಇಳಿದು ಬದುವಿನ ಮೇಲೆ ನಿಂತು ಕರೆದೆ. ಅವಳು ಬಂದಳು. ಅಂಗೈಯ ಚರ್ಮ ಸುಕ್ಕುಗಟ್ಟಿ ಬೆರಳುಗಳು ಪೂರಾ ಮಡಚುತ್ತಿರಲಿಲ್ಲ. ಸಸಿಯ ಕಟ್ಟನ್ನು ಮೊಣಕೈಯ ಸಂದಿಯಲ್ಲಿ ಇರುಕಿಕೊಂಡಿದ್ದಳು.

ನಾನು ಎಲ್ಲವನ್ನೂ ಹೇಳಿದೆ. ಅವಳ ಮಾತನ್ನು ವರದಿಯಲ್ಲಿ ಬರೆಯದೆ ಬಿಟ್ಟದ್ದು, ಜಮಾದಾರರು ಎರಡನೆಯ ಸಲ ಕೇಳಿದಾಗಲೂ ಬೇಡ ಎಂದದ್ದು, ವಿಚಾರಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂದದ್ದು. ಹಿಂದೆ ನಾಟಿಯ ಸಾಲು ಅವಳನ್ನು ಬಿಟ್ಟು ಮುಂದೆ ಹೋಗುತ್ತಿತ್ತು.

"ಜಮಾದಾರಪ್ಪ ಎರಡನೇ ಸಲ ಕೇಳಿದ್ದು ನನಗ ಗೊತ್ತಿರಲಿಲ್ರಿ" ಎಂದಳು.

"ಹೌದು, ಕೇಳಿದ್ರು."

"ಇಷ್ಟು ದಿನ, ಇವರಿಗೆ ಹೊಳಿದಿಲ್ಲ, ಮರತಾರ ಅಂತ ತಿಳಕೊಂಡಿದ್ದೆ. ಹಂಗ ತಿಳಕೊಂಡು ಇರಾಕ ಬರತಿತ್ತು." ಜಾರುತ್ತಿದ್ದ ಸಸಿಯ ಕಟ್ಟನ್ನು ಮೊಣಕೈಯಲ್ಲಿ ಮೇಲಕ್ಕೆ ಸರಿಸಿಕೊಂಡಳು. "ಹೇಳಿದ್ರಿ, ನಿಮ್ಮ ಎದಿ ಹಗುರಾತು. ಈಗ ಇದನ್ನ ನಾ ಎಲ್ಲಿಡ್ಲಿ, ಸ್ವಾಮೇರ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಕೆಸರಿಗಿಳಿದು, ಮುಂದೆ ಹೋಗಿದ್ದ ಸಾಲನ್ನು ಕೂಡಿಕೊಳ್ಳಲು ಎರಡೆರಡು ಸಸಿಯನ್ನು ಒಟ್ಟಿಗೆ ಊರುತ್ತ ಹೋದಳು.